ಹಬ್ಬದ ಸಿಹಿಯೂ ಭೇದದ ಸತ್ಯವೂ

ಯಾವ ಕೊರತೆಯೂ ಇಲ್ಲದವನಿಗೆ ಮನುಷ್ಯನು ತಿನಿಸನ್ನು ಅರ್ಪಿಸುವುದರಲ್ಲಿ ಅರ್ಥವೇನು ಎಂಬ ಪ್ರಶ್ನೆ ಧರ್ಮಜಿಜ್ಞಾಸೆಯಷ್ಟೇ ಪ್ರಾಚೀನವಾದುದು. ಆದರೆ ಉಡುಪಿಯ ಸೀಮೆಯಲ್ಲಿ ಅದು ಗ್ರಂಥಗಳೊಳಗೇ ಉಳಿಯದೆ ವರ್ಷದಲ್ಲಿ ಎರಡು ಬಾರಿ ಅಡುಗೆಮನೆಗೆ ಇಳಿದು ಬರುತ್ತದೆ. ಕೃಷ್ಣಜನ್ಮಾಷ್ಟಮಿಯ ನಡುರಾತ್ರಿ, ದಿನವಿಡೀ ಉಪವಾಸವಿದ್ದು ಅರ್ಘ್ಯವನ್ನೀಯುವ ಹೊತ್ತಿಗೆ, ಮಠದ ಪಾಕಶಾಲೆಯಲ್ಲಿ ಉಂಡೆ ಚಕ್ಕುಲಿಗಳು ಸಿದ್ಧವಾಗಿರುತ್ತವೆ. ಡಿಸೆಂಬರ್ 24ರ ರಾತ್ರಿ, ಕಲ್ಯಾಣಪುರದ ಮಿಲಾಗ್ರಿಸ್ ಮೊದಲಾದ ದೇವಾಲಯಗಳಲ್ಲಿ ಬಲಿಪೂಜೆ ನಡೆಯುವ ಹೊತ್ತಿಗೆ, ಕೊಂಕಣಿ ಕ್ರೈಸ್ತರ ಮನೆಗಳ ಡಬ್ಬಗಳಲ್ಲಿ ಕುಸ್ವಾರು ತುಂಬಿರುತ್ತದೆ. ಎರಡೂ, ಪರಮಾತ್ಮನು ಶಿಶುವಾಗಿ ಬಂದನೆಂದು ನಂಬಿ ಅವನನ್ನು ಎದುರುಗೊಳ್ಳುವ ರಾತ್ರಿಗಳು. ಶಿಶುವಿಗೆ ಸಿಹಿ ಬೇಕೆಂದು ತೋರುವುದು ಸಹಜ. ಪರಮಾತ್ಮನಿಗೆ ಬೇಕೇ ಎಂಬುದು ವಿಚಾರ.

ಕುಸ್ವಾರೆಂಬುದು ಒಂದು ತಿನಿಸಲ್ಲ, ತಿನಿಸುಗಳ ಒಂದು ಕುಟುಂಬ. ನಮ್ಮ ಕರ್ಜಿಕಾಯಿಗೆ ಸೋದರನಂತಿರುವ ನೆವ್ರಿ, ಬಾಚಣಿಗೆಯ ಹಲ್ಲಿನ ಮೇಲೆ ಹಿಟ್ಟನ್ನು ಒತ್ತಿ ಸುರುಳಿ ಮಾಡಿ ಕರಿಯುವ ಕಿಡಿಯೊ, ಹೂವಿನ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗಿಳಿಸುವ ಗುಲಾಬಿ ಬಿಸ್ಕತ್ತು, ಇವೆಲ್ಲ ಅದರ ಹಿರಿಯರು. ಈಚೆಗೆ ಮಣಿಪಾಲ, ಉಡುಪಿಗಳ ಕೆಲವು ಮನೆಗಳಲ್ಲಿ ಒಲೆಯ ಬಾಣಲೆಯ ಜೊತೆಗೆ ಓವನ್ನೂ ಬಂದಿರುವುದರಿಂದ, ಚಾಕೊಲೇಟು ಮತ್ತು ಪುದೀನಗಳ ಬಿಸ್ಕತ್ತೊಂದು ಈ ತಟ್ಟೆಯಲ್ಲಿ ಕಿರಿಯನಾಗಿ ಸೇರಿಕೊಂಡಿದೆ. ಇದನ್ನು ಪರದೇಶದ ಆಡಂಬರವೆಂದು ತಳ್ಳಿಹಾಕುವವರಿಗೆ ನಾನು ಹೇಳಬೇಕಾದುದೊಂದುಂಟು: ಕೋಕೋ ಗಿಡವು ಈ ಜಿಲ್ಲೆಗಳ ಅಡಕೆ ತೋಟಗಳ ನೆರಳಿನಲ್ಲಿ ಬೆಳೆಯುತ್ತಿರುವುದು ಇಂದು ನಿನ್ನೆಯ ಮಾತಲ್ಲ, 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅಡಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ, ಕೋಕೋ ಕೊಳ್ಳುವವರಿಲ್ಲದೆ ರೈತರು ಕಂಗೆಟ್ಟಾಗ ಅದನ್ನೂ ಕೊಳ್ಳತೊಡಗಿ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟಿನ ಕಾರ್ಖಾನೆಯನ್ನೇ ತೆರೆಯಿತು. ಕೋಕೋ ಕಾಯನ್ನು ಒಡೆದಾಗ ಬೀಜವನ್ನು ಸುತ್ತಿದ ಬಿಳಿಯ ತಿರುಳು ಸಿಹಿಯಾಗಿದ್ದು ಬೀಜ ಮಾತ್ರ ಕಹಿಯಾಗಿರುತ್ತದೆ. ಆ ತಿರುಳಿನೊಡನೆಯೇ ರಾಶಿಹಾಕಿ ಕೆಲವು ದಿನ ಹುಳಿಯಲು ಬಿಟ್ಟು, ಒಣಗಿಸಿ, ಹುರಿದ ಮೇಲಲ್ಲದೆ ಚಾಕೊಲೇಟಿನ ಪರಿಮಳವು ಅದರಲ್ಲಿ ಉದಿಸುವುದಿಲ್ಲ.

ಇನ್ನು ಮೂಲಪ್ರಶ್ನೆಗೆ ಬರೋಣ. 13ನೆಯ ಶತಮಾನದಲ್ಲಿ, ಇಂದಿನ ಕಾಪುವಿಗೆ ದೂರವಲ್ಲದ ಪಾಜಕದಲ್ಲಿ ಜನಿಸಿದ ಮಧ್ವಾಚಾರ್ಯರ ಸಿದ್ಧಾಂತದಲ್ಲಿ ಭಗವಂತನೊಬ್ಬನೇ ಸ್ವತಂತ್ರನು, ಗುಣಪೂರ್ಣನು. ಜಗತ್ತನ್ನು ಅವನು ಸೃಜಿಸುವುದು ಯಾವ ಪ್ರಯೋಜನವನ್ನೂ ಬಯಸಿಯಲ್ಲ, ಆನಂದದ ಉದ್ರೇಕದಿಂದ ಮಾತ್ರ. ಅಂತಹವನ ಮುಂದೆ ನಾವಿಡುವ ಉಂಡೆಯು ಅವನಿಗೆ ಏನನ್ನೂ ಕೂಡಿಸಲಾರದು. ಆದರೂ ಮಠದ ಪಾಚಕನು ಮಡಿಯಲ್ಲಿ ನಿಂತು, ರುಚಿ ನೋಡದೆ, ಕೈಯ ಅಂದಾಜಿನಿಂದಲೇ ಉಪ್ಪು ಬೆಲ್ಲಗಳನ್ನು ಹಾಕುತ್ತಾನೆ. ಈ ರುಚಿ ನೋಡದಿರುವಿಕೆಯಲ್ಲಿಯೇ ನೈವೇದ್ಯದ ಮರ್ಮವಿದೆಯೆಂದು ನನಗೆ ಅನ್ನಿಸುತ್ತದೆ: ಪಾಕದ ಮೇಲೆ ಮೊದಲನೆಯ ಅಧಿಕಾರ ತನ್ನ ನಾಲಗೆಯದಲ್ಲವೆಂದು ಒಪ್ಪಿಕೊಳ್ಳುವುದೇ ಅಲ್ಲಿಯ ಅರ್ಪಣೆ. ಹಯಗ್ರೀವರೂಪಿಯಾದ ಭಗವಂತನು, ಮಧ್ವಪರಂಪರೆಯ ಯತಿ ವಾದಿರಾಜರು ತಲೆಯ ಮೇಲೆ ಹಿಡಿದ ತಟ್ಟೆಯಿಂದ ಕಡಲೆ ಬೆಲ್ಲಗಳ ಮಡ್ಡಿಯನ್ನು ತಿಂದು, ಅವರಿಗೂ ಒಂದು ಪಾಲನ್ನು ಉಳಿಸುತ್ತಿದ್ದನೆಂಬ ಐತಿಹ್ಯವನ್ನು ಈ ನಾಡಿನ ಮಕ್ಕಳೆಲ್ಲರೂ ಕೇಳಿದ್ದಾರೆ. ಹಸಿವಿಲ್ಲದವನು ತಿಂದನು, ತಿಂದವನು ಉಳಿಸಿದನು. ಪ್ರಸಾದವೆಂಬುದು ಆ ಉಳಿಕೆಯೇ.

ಕ್ರೈಸ್ತರ ಪದ್ಧತಿ ಬೇರೆ. ಅವರ ಪೀಠದ ಮೇಲೆ ರೊಟ್ಟಿ ದ್ರಾಕ್ಷಾರಸಗಳಿಗೆ ಸ್ಥಾನವುಂಟೇ ಹೊರತು ನೆವ್ರಿಗಿಲ್ಲ, ಬಿಸ್ಕತ್ತಿಗಿಲ್ಲ. ಕುಸ್ವಾರಿನ ತಟ್ಟೆ ಬಟ್ಟೆ ಮುಚ್ಚಿಸಿಕೊಂಡು ಹೊರಡುವುದು ನೆರೆಮನೆಗೆ. ಹಸಿದವನಿಗೆ ಮಾಡಿದ್ದು ತನಗೇ ಮಾಡಿದ್ದೆಂದು ಮತ್ತಾಯನ ಸುವಾರ್ತೆಯಲ್ಲಿ ಯೇಸು ಹೇಳುವುದರಿಂದ, ಆ ತಟ್ಟೆಯೂ ಸುತ್ತುದಾರಿಯಿಂದ ಗೋದಲಿಯ ಶಿಶುವಿಗೇ ಸಲ್ಲುತ್ತದೆ ಎನ್ನಬಹುದು. ಅಲ್ಲಿ ದೇವರಿಗೆ ಮೊದಲು ಸಂದು ಮನುಷ್ಯನಿಗೆ ಮರಳುವ ಸಿಹಿ ಇಲ್ಲಿ ಮನುಷ್ಯನಿಗೆ ಮೊದಲು ಸಂದು ದೇವರನ್ನು ಸೇರುತ್ತದೆ. ಎರಡೂ ಒಂದೇ ಎಂದು ತರಾತುರಿಯಿಂದ ಸಮನ್ವಯ ಮಾಡುವವರಲ್ಲಿ ನಾನು ಸೇರಿದವನಲ್ಲ. ದಾರಿಗಳು ನಿಜವಾಗಿಯೂ ಬೇರೆಯಾಗಿವೆ, ಮತ್ತು ಆ ಬೇರೆತನವೇ ನನ್ನ ವಿಚಾರಕ್ಕೆ ಆಧಾರ.

ನಾಲಗೆಯ ಸುಖವೆಲ್ಲ ಭ್ರಮೆ, ಅದನ್ನು ಕೊಟ್ಟರೇನು ಬಿಟ್ಟರೇನು ಎಂದು ಕೆಲವರು ಹೇಳುವುದುಂಟು. ಈ ಬಿಸ್ಕತ್ತಿನ ಪುದೀನವನ್ನೇ ಪರೀಕ್ಷೆಗೆ ತೆಗೆದುಕೊಳ್ಳಿ. ಚಟ್ನಿಗೆ ಹಾಕುವ ಸೊಪ್ಪು ಓವನ್ನಿನ ಕಾವಿಗೆ ಕಪ್ಪಾಗುತ್ತದೆ, ಅದರಲ್ಲಿ ಮೆಂಥಾಲಿನ ಅಂಶವೂ ಅಲ್ಪ. ಆದುದರಿಂದ ಬೇರೆ ಜಾತಿಯ ಪುದೀನದಿಂದ ಇಳಿಸಿದ ಪೆಪ್ಪರ್‌ಮಿಂಟ್ ಎಣ್ಣೆಯ ಕೆಲವೇ ತೊಟ್ಟುಗಳನ್ನು ಬೆಣ್ಣೆಯಲ್ಲಿ ಬೆರೆಸುತ್ತಾರೆ, ಹೆಚ್ಚಾದರೆ ಕಹಿ. ಬಿಸ್ಕತ್ತು ತಣ್ಣಗಿಲ್ಲದಿದ್ದರೂ ಬಾಯಿ ತಂಪಾಗುತ್ತದೆ, ಏಕೆಂದರೆ ಚಳಿಯನ್ನು ಗ್ರಹಿಸುವ ನರಗಳ ದ್ವಾರವನ್ನೇ ಮೆಂಥಾಲು ತೆರೆಯುತ್ತದೆ. ತಂಪು, ಕಾವು, ಸ್ಪರ್ಶಗಳನ್ನು ಶರೀರವು ಅರಿಯುವ ಬಗೆಯನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಅಲ್ಲಿ ಶೈತ್ಯವಿಲ್ಲ, ಆದರೆ ತಂಪಿನ ಅನುಭವವುಂಟು, ಆ ಅನುಭವಕ್ಕೆ ಕಾರಣವೂ ಉಂಟು. ಭ್ರಾಂತಿಯ ಎದುರಿಗೂ ವಸ್ತುವಿನ ಮತ್ತು ಅನುಭವದ ಸತ್ಯವನ್ನು ಬಿಟ್ಟುಕೊಡದ ಮಧ್ವರ ತತ್ತ್ವವಾದಕ್ಕೆ ಇದು ಅಪರಿಚಿತವಾದ ಪ್ರಮೇಯವೇನೂ ಅಲ್ಲ. ಸಿಹಿ ಸತ್ಯವಾಗಿದ್ದರೆ ಮಾತ್ರ ಅದನ್ನು ಪರರಿಗೆ ಕೊಡುವುದು ತ್ಯಾಗವಾದೀತು.

ವಿಚಿತ್ರವೆಂದರೆ, ಈ ಬಿಸ್ಕತ್ತಿನ ಎರಡು ದ್ರವ್ಯಗಳೂ ಧರ್ಮಶಾಸ್ತ್ರದ ಚರ್ಚೆಗೆ ಒಳಗಾದವುಗಳೇ. ಚಾಕೊಲೇಟಿನ ಪಾನಕದಿಂದ ಉಪವಾಸ ಭಂಗವಾಗುವುದೇ ಎಂದು ಕ್ಯಾಥೊಲಿಕ್ ಪಂಡಿತರು 17ನೆಯ ಶತಮಾನದಲ್ಲಿ ದೀರ್ಘವಾಗಿ ವಾದಿಸಿದರು. 1636ರಲ್ಲಿ ಲಿಯೋನ್ ಪಿನೆಲೊ ಈ ಒಂದೇ ಪ್ರಶ್ನೆಗೆ ಮೀಸಲಾದ ಗ್ರಂಥವನ್ನು ಬರೆದನು, 1664ರಲ್ಲಿ ಕಾರ್ಡಿನಲ್ ಬ್ರಾಂಕಾಚಿಯೊ ದ್ರವದಿಂದ ಉಪವಾಸ ಮುರಿಯದೆಂದು ಸಮರ್ಥಿಸಿದನು. ಏಕಾದಶಿಯಂದು ಯಾವುದು ಫಲಾಹಾರ ಯಾವುದು ಅಲ್ಲ ಎಂಬ ವಿಚಾರವನ್ನು ಕೇಳಿ ಬೆಳೆದ ಉಡುಪಿಯವರಿಗೆ ಈ ವಾದ ಹಾಸ್ಯಾಸ್ಪದವಾಗಿ ತೋರಲಾರದು. ಪುದೀನದ ವಿಷಯವು ಇನ್ನೂ ಹಳೆಯದು. ಪುದೀನ, ಸಬ್ಬಸಿಗೆ, ಜೀರಿಗೆಗಳಲ್ಲಿಯೂ ಹತ್ತರಲ್ಲೊಂದು ಪಾಲನ್ನು ತಪ್ಪದೆ ತೆಗೆದಿಟ್ಟು, ನ್ಯಾಯವನ್ನೂ ಕರುಣೆಯನ್ನೂ ನಂಬುಗೆಯನ್ನೂ ಮರೆತ ಶಾಸ್ತ್ರಿಗಳನ್ನು ಯೇಸು ಕಠಿನವಾಗಿ ಖಂಡಿಸುತ್ತಾನೆ. ಈ ಮಾತನ್ನು ಎತ್ತುವವರು ಅದರ ಉತ್ತರಾರ್ಧವನ್ನು ಅನೇಕ ವೇಳೆ ಮರೆಯುತ್ತಾರೆ: ಇವನ್ನೂ ಮಾಡಬೇಕಾಗಿತ್ತು, ಅವನ್ನೂ ಬಿಡಬಾರದಾಗಿತ್ತು ಎಂದೇ ಅವನು ಹೇಳಿದುದು. ಸಣ್ಣ ನಿಯಮವು ತಾನೇ ದೋಷವಲ್ಲ.

ಸಣ್ಣ ನಿಯಮವೇ ಕರುಣೆಯಾಗುವ ಬಗೆಯನ್ನು ನೋಡಬೇಕಾದರೆ ಇಲ್ಲಿಯ ಗೃಹಿಣಿಯರ ಡಿಸೆಂಬರಿನ ಅಡುಗೆಮನೆಗೆ ಬರಬೇಕು. ಮೊಟ್ಟೆ ಹಾಕಿದ ಹಿಟ್ಟಿಗೆ ಒಂದು ಪಾತ್ರೆ, ನೆರೆಯವರಿಗೆಂದು ಮೊಟ್ಟೆಯಿಲ್ಲದೆ ಮೊಸರು ಬೆರೆಸಿದ ಹಿಟ್ಟಿಗೆ ಬೇರೆ ಪಾತ್ರೆ, ಬೇರೆ ಸೌಟು, ಬೇರೆ ಡಬ್ಬ. ಕಾಪುವಿನಂತಹ ಕಡಲ ದಡದಲ್ಲಿ ಗಾಳಿಯ ತೇವಕ್ಕೆ ಬಿಸ್ಕತ್ತು ಮೆತ್ತಗಾಗದಂತೆ ಆ ಡಬ್ಬದ ಬಾಯಿಯನ್ನು ಬಿಗಿಮಾಡುವ ಜಾಗರೂಕತೆಯೂ ಅದರೊಡನೆ. ತನಗೆ ವಿಧಿಯಲ್ಲದ ವ್ರತವೊಂದನ್ನು ಇನ್ನೊಬ್ಬರಿಗಾಗಿ ತನ್ನ ಒಲೆಯ ಬಳಿ ಪಾಲಿಸುವ ಈ ಕ್ರಿಯೆಗೆ ನಾನು ಕೊಡುವ ಬೆಲೆ ಬಹಳ ದೊಡ್ಡದು. ಎಲ್ಲವೂ ಒಂದೇ ಆಗಿದ್ದರೆ ಕೊಡುವವನಾರು, ಕೊಳ್ಳುವವನಾರು? ಜೀವಜೀವರಿಗೆ ಭೇದವು ಸತ್ಯವೆಂದು ಮಧ್ವಮತವು ಹೇಳುವಾಗ, ಅದನ್ನು ದೂರವಿರಿಸುವ ಸಿದ್ಧಾಂತವೆಂದು ಓದಬೇಕಾಗಿಲ್ಲ. ದಾನವು ಸಾಧ್ಯವಾಗಲು ಬೇಕಾದ ಅಂತರವೇ ಅದು ಎಂದೂ ಓದಬಹುದು. ಕಾಪುವಿನ ಮಾರಿಗುಡಿಯ ಗದ್ದುಗೆಗೆ ಏರುವ ಮಲ್ಲಿಗೆಯಲ್ಲಿ ಶಂಕರಪುರದ ಕ್ರೈಸ್ತ ಕುಟುಂಬಗಳ ಹಿತ್ತಲುಗಳಲ್ಲಿ ಅರಳಿದ್ದೂ ಉಂಟು. ಬೆಳೆದವರು ಮಾರಿಯ ಭಕ್ತರಾಗಲಿಲ್ಲ, ಮುಡಿಸಿದವರು ಕ್ರೈಸ್ತರಾಗಲಿಲ್ಲ, ಹೂವು ಮಾತ್ರ ಸಂದಿತು.

ಕಾರ್ಕಳದಲ್ಲಿ ಈ ವಿಚಾರಕ್ಕೆ ಮತ್ತೊಂದು ಮುಖವಿದೆ. 1432ರಲ್ಲಿ ಪ್ರತಿಷ್ಠಿತನಾದ ಗೊಮ್ಮಟನು ಅನ್ನವನ್ನೇ ತೊರೆದು ನಿಂತವನು. ಅವನ ಅನುಯಾಯಿಗಳಲ್ಲಿ ನಿಷ್ಠರಾದವರು ಸೂರ್ಯಾಸ್ತದ ಮೇಲೆ ಉಣ್ಣುವುದಿಲ್ಲವಾದುದರಿಂದ ಅವರ ಮನೆಗೆ ಕಳುಹಿಸುವ ಸಿಹಿಯು ಹಗಲಿನಲ್ಲಿಯೇ ತಲಪುವುದು ಮರ್ಯಾದೆ. ಅದೇ ಕಾರ್ಕಳದ ಅತ್ತೂರಿನಲ್ಲಿ, 2016ರಲ್ಲಿ ಬಸಿಲಿಕದ ಪದವಿಗೇರಿದ ದೇವಾಲಯದಲ್ಲಿ, ಅಡುಗೆಯವರ ಪಾಲಕನೆನ್ನಿಸಿದ ಸಂತ ಲಾರೆನ್ಸನಿದ್ದಾನೆ. ಸಭೆಯ ಸಂಪತ್ತನ್ನು ಒಪ್ಪಿಸೆಂದು ರೋಮಿನ ಅಧಿಕಾರಿ ಕೇಳಿದಾಗ ಅವನು ಎಲ್ಲವನ್ನೂ ಹಂಚಿಬಿಟ್ಟು, ನಗರದ ಬಡವರನ್ನೇ ಕರೆತಂದು ನಿಲ್ಲಿಸಿದನೆಂದೂ, ಅದಕ್ಕಾಗಿ 258ರಲ್ಲಿ ಕಬ್ಬಿಣದ ಜಾಲರಿಯ ಮೇಲೆ ಸುಡಲ್ಪಟ್ಟನೆಂದೂ ಪರಂಪರೆ ಹೇಳುತ್ತದೆ. ಜನವರಿಯ ಅವನ ಹಬ್ಬಕ್ಕೆ ಎಲ್ಲ ಮತದವರೂ ಮೇಣದ ಬತ್ತಿ ಹಿಡಿದು ಬರುತ್ತಾರೆ.

ಇಷ್ಟು ಹೇಳಿದ ಮೇಲೆ ನಿರಾಕರಣೆಯ ಮಾತನ್ನೂ ಆಡದಿದ್ದರೆ ಅದು ಅಸತ್ಯವಾದೀತು. ಪರರ ಮನೆಯಲ್ಲಿ ಬೆಂದುದನ್ನು ಮುಟ್ಟದ ಮನೆಗಳು ಇಲ್ಲಿವೆ; ಅಂತಹವರಿಗೆ ಬಾಳೆಹಣ್ಣನ್ನೋ ಸಕ್ಕರೆಯನ್ನೋ ಕೊಡುವ ವಾಡಿಕೆಯೂ ಇದೆ. ತನ್ನ ಸ್ವಂತ ವ್ರತಕ್ಕಾಗಿ ತಿನ್ನದವನು ತಟ್ಟೆಯನ್ನು ಕೈಯಾರೆ ತೆಗೆದುಕೊಂಡು ಮನೆಯ ಉಣ್ಣುವವರಿಗೆ ಕೊಡಬಲ್ಲನು, ಹಬ್ಬದಂದು ಅದೇ ತಟ್ಟೆಯಲ್ಲಿ ತನ್ನ ಚಕ್ಕುಲಿಯನ್ನಿಟ್ಟು ಮರಳಿಸಬಲ್ಲನು. ಕೊಡುವವಳ ಜಾತಿಯನ್ನೋ ಮತವನ್ನೋ ಹೀನವೆಂದೆಣಿಸಿ ತಿನ್ನದವನು ಮಾತ್ರ, ಅವನ ಮಡಿ ಎಷ್ಟೇ ಶುದ್ಧವಾಗಿದ್ದರೂ, ಪೂರ್ಣನ ಮುಂದೆ ಯಾವ ನೈವೇದ್ಯವನ್ನಿಟ್ಟರೂ ಅದು ಅಲ್ಲಿಗೆ ಸಲ್ಲುವುದೆಂದು ನಾನು ನಂಬಲಾರೆ.