ಲೆಕ್ಕಕ್ಕೆ ಬಾರದ ಅಗಲಿಕೆ

ಇಬ್ಬರು ಹೆಂಗಸರ ನಡುವಿನ, ಇಲ್ಲವೇ ಇಬ್ಬರು ಗಂಡಸರ ನಡುವಿನ ಪ್ರೇಮಭಂಗದ ಹಾಡು ಕೇಳಿದವರು ಸಾಮಾನ್ಯವಾಗಿ ಆಡುವ ಮಾತೊಂದಿದೆ: ಪ್ರೀತಿ ಯಾರದಾದರೇನು, ನೋವು ಒಂದೇ. ಒಳ್ಳೆಯ ಮನಸ್ಸಿನಿಂದಲೇ ಬರುವ ಮಾತು. ಆದರೂ ನನಗದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ನೋವು ಒಂದೇ ಇರಬಹುದು. ನೊಂದವರಿಗೆ ಸುತ್ತಲಿನವರು ಬಿಟ್ಟುಕೊಡುವ ಜಾಗ ಮಾತ್ರ ಒಂದೇ ತೆರನಾಗಿಲ್ಲ.

ಅಮೆರಿಕದ ಗಾಯಕಿ ಜೂಲಿಯನ್ ಬೇಕರ್ ಅವರ ಮೊದಲ ಆಲ್ಬಂ ‘ಸ್ಪ್ರೇನ್ಡ್ ಆಂಕಲ್’ ಬಂದದ್ದು 2015ರ ಅಕ್ಟೋಬರ್‌ನಲ್ಲಿ. ಆಗ ಅವರಿಗೆ ಇಪ್ಪತ್ತು ವರ್ಷ. ಟೆನೆಸಿ ರಾಜ್ಯದ ಮೆಂಫಿಸ್ ಕಡೆಯವರು, ಕ್ರೈಸ್ತ ಶ್ರದ್ಧೆಯವರು, ಸಲಿಂಗಪ್ರೇಮಿ. ಒಂಬತ್ತು ಹಾಡುಗಳು, ಹೆಚ್ಚಿನವಕ್ಕೆ ಒಂದು ಗಿಟಾರ್, ಒಂದು ದನಿ, ಅಷ್ಟೇ. ಅವುಗಳಲ್ಲಿ ‘ಸಮ್‌ಥಿಂಗ್’ ನನ್ನನ್ನು ಬಹಳ ಕಾಡಿದೆ. ಪ್ರೀತಿಸಿದ ಜೀವ ಹೊರಟುಹೋಗಿದೆ. ಹಾಡುವವಳು ಪಾರ್ಕಿಂಗ್ ಜಾಗದಲ್ಲಿ ಉಳಿದಿದ್ದಾಳೆ. ತಡೆದು ನಿಲ್ಲಿಸುವಂಥ ಒಂದು ಮಾತೂ ಆಗ ಬಾಯಿಂದ ಹೊರಡಲಿಲ್ಲವಲ್ಲ ಎಂಬ ಸಂಕಟ ಅವಳನ್ನು ಬಿಡುವುದಿಲ್ಲ. ಮೆಲ್ಲಗೆ ಶುರುವಾದ ದನಿ ಏರುತ್ತ ಏರುತ್ತ ಒಡೆದುಹೋಗುವ ಹತ್ತಿರಕ್ಕೆ ಬರುತ್ತದೆ.

ಹೋದವರು ಹೆಣ್ಣೋ ಗಂಡೋ ಎಂಬುದನ್ನು ಹಾಡು ಬಿಡಿಸಿ ಹೇಳುವುದಿಲ್ಲ. ಹಾಗಿದ್ದರೆ ಇದು ಎಲ್ಲರ ಹಾಡೇ ತಾನೆ? ಹೌದು. ಆಡದೆ ಉಳಿದ ಮಾತು ಯಾವ ಪ್ರೇಮಿಗೆ ಗೊತ್ತಿಲ್ಲ? ಆದರೆ ಎಳೆಯ ವಯಸ್ಸಿನಿಂದಲೇ ಮಾತು ನುಂಗಿ ಬದುಕಿದವರಿಗೆ ಆ ಮೌನದ ಚರಿತ್ರೆಯೇ ಬೇರೆ. ಊಟಕ್ಕೆ ಕೂತಾಗ, ಗೆಳೆಯರ ಹರಟೆಯಲ್ಲಿ, ಮದುವೆಮನೆಯಲ್ಲಿ ನುಂಗಿಕೊಂಡ ಮಾತುಗಳೆಲ್ಲ ಅದರ ಹಿಂದಿವೆ. ಕಡೆಗೆ ಬಾಯಿಬಿಡಲೇಬೇಕಾದ ಗಳಿಗೆ ಬಂದರೂ ಗಂಟಲು ತನ್ನ ಹಳೆಯ ರೂಢಿಯನ್ನು ಬಿಡುವುದಿಲ್ಲ. ಅದೇ ಹಾಡನ್ನು ಅವರು ಕೇಳಿಸಿಕೊಳ್ಳುವ ಬಗೆ ಬೇರೆಯಾಗುವುದು ಹೀಗೆ.

ನಾಲ್ಕು ಜನರೆದುರು ಹೇಳಿಕೊಳ್ಳಲಾಗದ, ಸಮಾಜ ದುಃಖವೆಂದೇ ಎಣಿಸದ ದುಃಖವೊಂದಿದೆ ಎಂದು ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರಷ್ಟು ಹಿಂದೆಯೇ ಒಂದು ಪುಸ್ತಕದಲ್ಲಿ ವಿವರಿಸಿದ್ದರು. ಕನ್ನಡದ ಓದುಗರು ಅದನ್ನು ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’ಯಲ್ಲಿ ಹತ್ತಿರದಿಂದ ಕಂಡಿದ್ದಾರೆ. ಮೋಹನಸ್ವಾಮಿ ಪ್ರೀತಿಸಿದ ಕಾರ್ತಿಕ್ ಹೆಣ್ಣೊಬ್ಬಳನ್ನು ಮದುವೆಯಾಗಲು ಹೊರಡುತ್ತಾನೆ. ಲೋಕದ ಕಣ್ಣಿಗೆ ಅದು ಜೊತೆಗಿದ್ದ ಗೆಳೆಯನ ಮದುವೆ, ಸಂಭ್ರಮದ ಸುದ್ದಿ. ಇವನು ಏನನ್ನಾದರೂ ಕಳೆದುಕೊಂಡನೆಂದು ಯಾರಿಗೂ ಹೊಳೆಯುವುದಿಲ್ಲ. ಸಂಬಂಧವೇ ಇರಲಿಲ್ಲ ಎಂದುಕೊಂಡವರ ನಡುವೆ ಅದು ಮುರಿಯಿತೆಂದು ಅಳುವುದು ಹೇಗೆ?

ಬೇಕರ್ ಅವರ ಆಲ್ಬಮ್ಮಿನ ಕೊನೆಯ ಹಾಡು ಪಿಯಾನೊದಲ್ಲಿ ನುಡಿಸಿದ ಭಕ್ತಿಗೀತೆಯೊಂದರ ಧಾಟಿಯಲ್ಲಿ ಮುಗಿಯುತ್ತದೆ. ಅದರ ಜೊತೆಗೆ ಗೊರಗೊರ ಸದ್ದಿನ ನಡುವೆ ಪ್ರವಚನಕಾರನೊಬ್ಬನ ದನಿ ಕೇಳಿಸುತ್ತದೆ. ರೆಕಾರ್ಡಿಂಗ್ ಮಾಡುವಾಗ ಆಕಸ್ಮಿಕವಾಗಿ ನುಸುಳಿದ ರೇಡಿಯೊ ಪ್ರಸಾರವದು, ಅಳಿಸದೆ ಉಳಿಸಿಕೊಂಡರು. ಬೇಕರ್ ತಮ್ಮ ಒಲವಿನ ವಿಷಯ ಹೇಳಿಕೊಂಡಾಗ ಅವರ ಅಪ್ಪ ಬೈಬಲ್ ತೆರೆದು ದೇವರ ಪ್ರೀತಿಯ ವಾಕ್ಯಗಳನ್ನು ಹುಡುಕಿ ತೋರಿಸಿದರಂತೆ. ಎಷ್ಟೋ ಮನೆಗಳಲ್ಲಿ ಅದೇ ಗ್ರಂಥ ಬಾಯಿ ಮುಚ್ಚಿಸಲು ಬಳಕೆಯಾಗಿದೆ.

ಕಾನೂನು ಬದಲಾದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಆಲ್ಬಂ ಬರುವ ನಾಲ್ಕು ತಿಂಗಳ ಹಿಂದೆ, 2015ರ ಜೂನ್ 26ರಂದು, ಅಮೆರಿಕದ ಸುಪ್ರೀಂ ಕೋರ್ಟ್ ಸಲಿಂಗ ವಿವಾಹದ ಹಕ್ಕನ್ನು ಎತ್ತಿಹಿಡಿಯಿತು; ಅರ್ಜಿದಾರರಲ್ಲಿ ಟೆನೆಸಿಯ ಜೋಡಿಗಳೂ ಇದ್ದವು. ನಮ್ಮಲ್ಲಿ 2018ರಲ್ಲಿ ಸಲಿಂಗಕಾಮ ಅಪರಾಧವಲ್ಲವೆಂದಾಯಿತು, 2023ರಲ್ಲಿ ಮದುವೆಯ ಹಕ್ಕನ್ನು ಕೋರ್ಟ್ ಒಪ್ಪಲಿಲ್ಲ. ಆ ಹಕ್ಕು ಸಿಗಲೇಬೇಕು. ಕೂಡಿದ್ದನ್ನೇ ಒಪ್ಪದ ಕಡೆ ಅಗಲಿದ್ದನ್ನು ಒಪ್ಪುವವರು ಯಾರು? ಆದರೆ ಇಪ್ಪತ್ತರ ವಯಸ್ಸಿನಲ್ಲಿ, ಮದುವೆಯ ಮಾತು ಬರುವ ಮೊದಲೇ ಮುರಿದುಬಿದ್ದ ಪ್ರೀತಿ ಯಾವ ಕಚೇರಿಯ ದಾಖಲೆಗೂ ಸೇರುವುದಿಲ್ಲ. ಗಂಡು ಹೆಣ್ಣಿನ ನಡುವಿನದಾದರೆ ಅಕ್ಕನೋ ಗೆಳತಿಯೋ ಪಕ್ಕದಲ್ಲಿ ಕೂತು ‘ಏನಾಯ್ತೇ?’ ಎಂದು ಕೇಳುತ್ತಾರೆ. ಹಾಗೆ ಕೇಳುವವರಿಲ್ಲದ ಹುಡುಗಿಗೆ ‘ಸಮ್‌ಥಿಂಗ್’ನಂಥ ಹಾಡು ಸಮಾಧಾನ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ನಡೆದದ್ದು ನಿಜವಾಗಿ ನಡೆಯಿತು ಎಂದು ಅದು ಒಪ್ಪಿಕೊಳ್ಳುತ್ತದೆ. ಅವಳಿಗೆ ಮೊದಲು ಬೇಕಾದದ್ದು ಅದೇ.