ಪರಿಚಿತ ಮುಖದಲ್ಲಿ ಉಪಯೋಗ

ದಶಲಕ್ಷಣ ಪರ್ವವು ಮುಗಿದು ಕ್ಷಮಾವಾಣಿಯ ದಿನ ಬಸದಿಯಲ್ಲಿ ಶ್ರಾವಕರು ಪರಸ್ಪರ ಕೈಮುಗಿಯುವರು. ಕೈ ಒಬ್ಬರಿಗೆ ಮುಗಿದಿರುವಾಗಲೇ ಕಣ್ಣು ಮುಂದಿನವರ ಕಡೆಗೆ ಹೋಗಿರುತ್ತದೆ. ಪರಸ್ಥಳದವರಾದರೆ ನಿಂತು, ನೋಡಿ, ಯಾವ ಊರೆಂದು ಕೇಳುವರು. ಒಡಹುಟ್ಟಿದವರ ಮುಖಕ್ಕೇ ಈ ಅನಾದರ.

ಇದರ ಕಾರಣವು ಶಾಸ್ತ್ರದಲ್ಲಿ ಸ್ಪಷ್ಟವಾಗಿದೆ. ಮತಿಜ್ಞಾನಕ್ಕೆ ಅವಗ್ರಹ, ಈಹೆ, ಅವಾಯ, ಧಾರಣೆ ಎಂಬ ನಾಲ್ಕು ಭೇದಗಳನ್ನು ತತ್ತ್ವಾರ್ಥಸೂತ್ರವು ಹೇಳಿದೆ. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದಾಚಾರ್ಯರು ಕೊಟ್ಟ ದೃಷ್ಟಾಂತವು ಬೆಳ್ಳಕ್ಕಿಯದು. ಬಿಳಿಯ ರೂಪವೊಂದು ತೋರಿತು. ಹಕ್ಕಿಯೋ ಪತಾಕೆಯೋ ಎಂಬ ವಿಚಾರ ಹುಟ್ಟಿತು. ಏರಿಳಿಯುವುದನ್ನೂ ರೆಕ್ಕೆ ಬಡಿಯುವುದನ್ನೂ ಕಂಡು ಬೆಳ್ಳಕ್ಕಿಯೇ ಎಂದು ನಿಶ್ಚಯವಾಯಿತು. ಬೆಳಿಗ್ಗೆ ಕಂಡದ್ದು ಇದನ್ನೇ ಎಂದು ಮುಂದೆ ಅರಿಯಲು ಧಾರಣೆ ಉಳಿಯಿತು. ಪರಿಚಿತ ಮುಖದಲ್ಲಾದರೋ ಇವೆಲ್ಲ ಎವೆಯಿಕ್ಕುವುದರೊಳಗೆ ಮುಗಿಯುತ್ತವೆ. ‘ಇವನು ತಮ್ಮ’ ಎಂದು ಗುರುತಾದೊಡನೆ ಉಪಯೋಗವು ಬೇರೆಡೆಗೆ ಹರಿಯುತ್ತದೆ. ದ್ರವ್ಯವನ್ನು ಗುರುತಿಸಿದ್ದಾಯಿತು, ಇಂದಿನ ಪರ್ಯಾಯವನ್ನು ನೋಡಿದವರಾರು?

ಮಿದುಳಿಗೆ ಪೆಟ್ಟಾದ ಕೆಲವರು ಕಣ್ಣು ಸರಿಯಿದ್ದರೂ ಬಲ್ಲವರ ಮುಖವನ್ನು ಗುರುತಿಸಲಾರರೆಂಬುದನ್ನು ಜರ್ಮನಿಯ ವೈದ್ಯ ಬೋಡಮರ್ 1947ರಲ್ಲಿ ವಿವರಿಸಿದರು. ಅಂಥವರು ದನಿಯಿಂದಲೋ ನಡಿಗೆಯಿಂದಲೋ ತಮ್ಮವರನ್ನು ಅರಿಯುವರು. ಅವರಲ್ಲಿ ಲಬ್ಧಿಯೇ ಕುಂದಿದೆ, ದೂಷಿಸುವಂತಿಲ್ಲ. ಲಬ್ಧಿಯಿದ್ದೂ ಉಪಯೋಗವನ್ನು ಇಡದಿದ್ದರೆ ಅದು ಪ್ರಮಾದ.

ಪ್ರೋಷಧೋಪವಾಸದ ಐದು ಅತಿಚಾರಗಳಲ್ಲಿ ಮೊದಲ ಮೂರು, ನೋಡದೆ ಮತ್ತು ಪ್ರಮಾರ್ಜನ ಮಾಡದೆ ಇಡುವ, ತೆಗೆಯುವ, ಹಾಸುವ ಕ್ರಿಯೆಗಳನ್ನು ಕುರಿತವು. ಆದುದರಿಂದಲೇ ವ್ರತದ ಮನೆಗಳಲ್ಲಿ ಚಾಪೆ ಬಿಚ್ಚುವ ಮುನ್ನ ಬಾಗಿ ನೆಲವನ್ನು ನೋಡುವ ರೂಢಿಯಿದೆ. ಬಹಳ ಒಳ್ಳೆಯದು. ಆದರೆ ಒಂದು ಮನೆಯನ್ನು ನೆನೆಯಿರಿ. ಭಾದ್ರಪದದ ರತ್ನತ್ರಯ ವ್ರತ. ಹುಣ್ಣಿಮೆ, ಅತ್ತೆಗೆ ಮೂರನೆಯ ಉಪವಾಸ. ಸೊಸೆ ಇರುವೆಯೊಂದೂ ನೋಯದಂತೆ ನೆಲ ಗುಡಿಸಿ ಹಾಸುತ್ತಾಳೆ, ಜಪಮಣಿ ತಂದಿಡುತ್ತಾಳೆ. ದಿನವಿಡೀ ಎದುರಿಗಿದ್ದ ಆ ಮುಖದಲ್ಲಿ ತುಟಿ ಬಿರಿದು ಕಣ್ಣು ಗುಳಿಬಿದ್ದುದು ಮಾತ್ರ ಅವಳಿಗೆ ಕಾಣದು. ವ್ರತ ಹಿಡಿದವರು ತಮ್ಮ ಬಳಲಿಕೆಯನ್ನು ಬಾಯಿಬಿಟ್ಟು ಹೇಳುವವರಲ್ಲ. ಹೇಳಿದರೆ ಭಾವಕ್ಕೆ ಕುಂದೆಂದು ಅಂಜುವರು. ಮನೆಯವರೇ ಕಂಡುಕೊಳ್ಳಬೇಕು.

ಸಂಜೆ ಪುಟ್ಟ ಮೊಮ್ಮಗಳು ಮಡಿಲೇರಿ ಹೇಳುತ್ತಾಳೆ: “ಅಮ್ಮಾ, ಅಜ್ಜಿಯ ಮುಖ ನಿನ್ನೆಯ ಹಾಗಿಲ್ಲ.”

ಸೊಸೆ ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟು, ಅತ್ತೆಯ ಬಳಿ ಬಂದು ಕುಳಿತು ನೋಡುತ್ತಾಳೆ. “ತಲೆ ಸುತ್ತುತ್ತಿದೆಯೇ, ಅತ್ತೆ?”

“ಮಧ್ಯಾಹ್ನದಿಂದ, ಮಗಳೇ.”