ಮಗ್ಗದ ಮನೆಯ ಸೆಕೆ, ಕಾಯಕದ ಧರ್ಮ

ದುಡಿಯುವ ಜಾಗವನ್ನು ಬೇಸಿಗೆಯಲ್ಲಿ ತಂಪಾಗಿ ಇಡುವುದು ಮೇಲ್ನೋಟಕ್ಕೆ ಸೂರು, ಕಿಟಕಿ, ಫ್ಯಾನಿನ ಮಾತು. ಒಳಹೊಕ್ಕು ನೋಡಿದರೆ ಅದು ಧರ್ಮದ ಪ್ರಶ್ನೆಯೂ ಹೌದು. ದುಡಿಯುವವರ ಮೈಗೆ ನೆರಳು, ಗಾಳಿ, ನೀರು ಒದಗಿಸುವುದು ದುಡಿಸುವವರು ಮಾಡುವ ದಾನವೇ, ಅವರು ತೀರಿಸಬೇಕಾದ ಋಣವೇ? ಬೇಗೆ ತಾಳಿಕೊಂಡು ಕೆಲಸ ಮಾಡುವುದು ಕಾಯಕನಿಷ್ಠೆಯ ಗುರುತೇ, ಕಾಯಕಕ್ಕೇ ಆಗುವ ಹಾನಿಯೇ? ಈ ಪ್ರಶ್ನೆಯನ್ನು ಎತ್ತಿಕೊಳ್ಳಲು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು, ಚಳ್ಳಕೆರೆ ತಾಲ್ಲೂಕುಗಳಿಗಿಂತ ತಕ್ಕ ಸೀಮೆ ಇನ್ನೊಂದಿಲ್ಲ. ದೇವಸಮುದ್ರ ಹೋಬಳಿಯನ್ನು ಒಳಗೊಂಡ ಈ ಕಲ್ಲುಗುಡ್ಡಗಳ ನಾಡು ಕರ್ನಾಟಕದಲ್ಲೇ ತೀರ ಕಡಿಮೆ ಮಳೆ ಕಾಣುವ ಪ್ರದೇಶಗಳಲ್ಲಿ ಸೇರಿದೆ. ಇಲ್ಲಿ ರೇಷ್ಮೆ ಸೀರೆಯ ಮಗ್ಗಗಳಿವೆ, ಶೇಂಗಾ ಎಣ್ಣೆಯ ಗಿರಣಿಗಳಿವೆ, ಕಂಬಳಿ ನೇಯುವ ಮನೆಗಳಿವೆ. ದುಡಿಮೆ ಮತ್ತು ದಯೆಯ ಬಗ್ಗೆ ಈ ನಾಡು ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ಕೇಳಿಸಿಕೊಂಡ ಮಾತುಗಳೂ ಇಲ್ಲೇ ಇವೆ.

ಎಳೆಯ ಹಿತ, ಮೈಯ ಹಿತ

ಮೊಳಕಾಲ್ಮೂರು ಸೀರೆ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ನೇಯ್ಗೆ. ಅದು ಹುಟ್ಟುವುದು ಗುಂಡಿ ಮಗ್ಗದಲ್ಲಿ. ನೇಕಾರ ನೆಲಮಟ್ಟದಲ್ಲಿ ಕೂತು ಕಾಲನ್ನು ಕುಣಿಯೊಳಗೆ ಇಳಿಬಿಡುತ್ತಾನೆ. ಕಾಲು ಒಳಗೆ ತುಳಿಮಣೆ ಒತ್ತಿದಂತೆ ಹಾಸಿನ ಎಳೆಗಳು ಬಾಯ್ದೆರೆಯುತ್ತವೆ, ಲಾಳಿ ಹೊಕ್ಕನ್ನು ಹೊತ್ತು ಹಾಯುತ್ತದೆ, ಹಲಗೆ ಬಡಿಯುತ್ತದೆ. ಹಾಸು ಇರುವುದು ನೆಲಕ್ಕೆ ತೀರ ಹತ್ತಿರ. ಇದಕ್ಕೆ ಕಾರಣವಿದೆ. ರೇಷ್ಮೆ ತನ್ನೊಳಗೆ ಸುಮಾರು ಶೇಕಡಾ 11ರಷ್ಟು ತೇವವನ್ನು ಹಿಡಿದಿಟ್ಟುಕೊಂಡಾಗ ಮೆತುವಾಗಿ ಬಾಗುತ್ತದೆ. ಒಣಗಿದರೆ ಬಿರುಸಾಗಿ ಪಟಕ್ಕನೆ ಹರಿಯುತ್ತದೆ. ಕುಣಿಯ ಮಣ್ಣಿನ ತಂಪು ಮತ್ತು ತೇವ ಎಳೆಯನ್ನು ಕಾಯುತ್ತವೆ. ಎಳೆಗಾಗಿ ಕಟ್ಟಿದ ಆ ತಂಪು ನೇಕಾರನ ಕಾಲಿಗೂ ತಾಗುತ್ತದೆ.

ಹಳೆಯ ಮಾಳಿಗೆ ಮನೆಯಲ್ಲಿ ಈ ಏರ್ಪಾಡು ಕೆಲಸಕ್ಕೆ ಬರುತ್ತಿತ್ತು. ದಪ್ಪ ಮಣ್ಣಿನ ಗೋಡೆ ಮತ್ತು ತೊಲೆಗಳ ಮೇಲೆ ಹರಡಿದ ಮಣ್ಣಿನ ಮಾಳಿಗೆ ಹಗಲ ಶಾಖವನ್ನು ನಿಧಾನವಾಗಿ ಹೀರಿ, ಇಳಿಹೊತ್ತು ಕಳೆಯುವವರೆಗೆ ಒಳಗೆ ಬಿಡುತ್ತಿರಲಿಲ್ಲ. ಅದರ ಜಾಗಕ್ಕೆ ತಗಡು, ಸಿಮೆಂಟ್ ಶೀಟು ಬಂದ ಕಡೆ ಲೆಕ್ಕ ತಲೆಕೆಳಗಾಯಿತು. ತೆಳು ಶೀಟು ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೇ ಕಾಯುತ್ತದೆ, ಕಾದದ್ದು ಕೆಳಗೆ ಕೂತವರ ನೆತ್ತಿಯ ಮೇಲೆ ಝಳ ಸುರಿಯುತ್ತದೆ. ಕಾಲು ಕುಣಿಯ ತಂಪಿನಲ್ಲಿ, ತಲೆ ಸೂರಿನ ಉರಿಯಲ್ಲಿ. ಫ್ಯಾನು ಹಾಕಿದರೆ ಮೈಗೆ ಹಿತ. ಆದರೆ ಗಾಳಿ ಹಾಸನ್ನು ಒಣಗಿಸುತ್ತದೆ, ಸಣ್ಣ ಎಳೆಗಳನ್ನು ಅಲುಗಿಸುತ್ತದೆ. ಎಳೆ ಹರಿದರೆ ಹುಡುಕಿ ಗಂಟು ಹಾಕಬೇಕು, ಆ ಹೊತ್ತಿಗೆ ಕೂಲಿಯಿಲ್ಲ. ಹೀಗಾಗಿ ಫ್ಯಾನಿನ ಗುಂಡಿಗೆ ಹೋದ ಕೈ ಹಿಂದಕ್ಕೆ ಬರುತ್ತದೆ. ಎಳೆಯನ್ನು ಉಳಿಸಲು ಮೈ ಬೇಯುತ್ತದೆ. ಧರ್ಮದ ಪ್ರಶ್ನೆ ಎದ್ದುಬರುವುದು ಈ ಚಿಕ್ಕ ಆಯ್ಕೆಯಲ್ಲಿ: ಸರಕಿನ ಹಿತಕ್ಕೂ ಅದನ್ನು ಮಾಡುವವರ ಹಿತಕ್ಕೂ ಜಗಳ ಬಂದಾಗ ಯಾವುದು ಮಣಿಯಬೇಕು?

ದೇಹ ಎಷ್ಟರವರೆಗೆ ತಾಳುತ್ತದೆ ಎಂಬುದಕ್ಕೆ ಗೊತ್ತಾದ ಮಿತಿಯಿದೆ. ದುಡಿಯುವ ಸ್ನಾಯು ಖರ್ಚುಮಾಡುವ ಶಕ್ತಿಯಲ್ಲಿ ಹೆಚ್ಚೆಂದರೆ ನಾಲ್ಕನೇ ಒಂದು ಪಾಲು ಕೆಲಸವಾಗುತ್ತದೆ, ಉಳಿದದ್ದು ಶಾಖವಾಗಿ ಒಳಗೇ ಹುಟ್ಟುತ್ತದೆ. ಒಳಮೈಯ ಉಷ್ಣತೆ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲಬೇಕು. ಸುತ್ತಲ ಗಾಳಿ ಚರ್ಮಕ್ಕಿಂತ, ಎಂದರೆ ಸುಮಾರು 35 ಡಿಗ್ರಿಗಿಂತ, ಬಿಸಿಯಾದ ಮೇಲೆ ಶಾಖ ಹೊರಹೋಗಲು ಉಳಿಯುವ ದಾರಿ ಬೆವರೊಂದೇ. ಒಂದು ಲೀಟರ್ ಬೆವರು ಆರುವಾಗ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಕುಡಿಯಲು ನೀರಿಲ್ಲದಿದ್ದರೆ, ಗಾಳಿ ಆಡದಿದ್ದರೆ, ವಿರಾಮ ಸಿಗದಿದ್ದರೆ ಆ ದಾರಿಯೂ ಮುಚ್ಚುತ್ತದೆ. ಆಗ ಮೊದಲು ಗಮನ ತಪ್ಪುತ್ತದೆ, ತಲೆ ಸುತ್ತುತ್ತದೆ, ಸ್ನಾಯು ಹಿಡಿಯುತ್ತದೆ. ಕೊನೆಗೆ ಪ್ರಾಣಕ್ಕೇ ಸಂಚಕಾರ. ಮನಸ್ಸು ಗಟ್ಟಿಯಿದ್ದ ಮಾತ್ರಕ್ಕೆ ಈ ಮಿತಿ ಸರಿಯುವುದಿಲ್ಲ.

ಸಹನೆ ಯಾರ ಧರ್ಮ

ಬೇಗೆ ತಾಳುವುದನ್ನು ಭಾರತದ ಧಾರ್ಮಿಕ ಚಿಂತನೆ ಬಹುಕಾಲ ಗೌರವಿಸಿದೆ. ತಪಸ್ಸು ಎಂಬ ಪದದ ಬೇರಿನಲ್ಲೇ ತಾಪವಿದೆ. ನಾಲ್ಕು ದಿಕ್ಕಿಗೆ ಬೆಂಕಿ ಹೊತ್ತಿಸಿ, ನೆತ್ತಿಯ ಮೇಲಿನ ಸೂರ್ಯನನ್ನು ಐದನೆಯದಾಗಿ ಎಣಿಸಿ ನಡುವೆ ಕೂರುವುದು ಪಂಚಾಗ್ನಿ ತಪಸ್ಸು. ಶೀತೋಷ್ಣಗಳು ಬಂದು ಹೋಗುವಂಥವು, ಅವನ್ನು ಸಹಿಸಬೇಕು ಎಂದು ಭಗವದ್ಗೀತೆಯ ಎರಡನೆಯ ಅಧ್ಯಾಯ ಹೇಳುತ್ತದೆ. ಈ ಸಹನೆಗೆ ತಿತಿಕ್ಷೆ ಎಂದು ಹೆಸರು. ಅದೇ ಗೀತೆ ಆರನೆಯ ಅಧ್ಯಾಯದಲ್ಲಿ ಊಟ, ಓಡಾಟ, ಕೆಲಸ, ನಿದ್ದೆಗಳಲ್ಲಿ ಹದ ಬೇಕೆನ್ನುತ್ತದೆ, ಹದಿನೇಳನೆಯದರಲ್ಲಿ ದೇಹವನ್ನು ಹಿಂಸಿಸುವ ಉಗ್ರ ತಪಸ್ಸನ್ನು ಖಂಡಿಸುತ್ತದೆ. ಬುದ್ಧ ಕಠೋರ ತಪಸ್ಸನ್ನು ಮಾಡಿ ನೋಡಿ, ಅದನ್ನು ಬಿಟ್ಟು ಮಧ್ಯಮ ಮಾರ್ಗಕ್ಕೆ ಬಂದ.

ಇವೆಲ್ಲ ಒಬ್ಬ ವ್ಯಕ್ತಿ ತನ್ನ ಮೈಯ ವಿಷಯದಲ್ಲಿ ತಾನೇ ಮಾಡಿಕೊಳ್ಳುವ ಆಯ್ಕೆಯನ್ನು ಕುರಿತ ಮಾತು. ತಪಸ್ವಿ ಬೆಂಕಿಯ ನಡುವಿನಿಂದ ಎದ್ದುಹೋಗಬಲ್ಲ. ಹೊತ್ತಿನ ಕೂಲಿಗೆ ಕೂತವನು ಎದ್ದರೆ ಸಂಜೆಯ ಒಲೆ ಉರಿಯುವುದಿಲ್ಲ. ಹೀಗಾಗಿ ತಪಸ್ಸಿನ ಹೆಸರಿನಲ್ಲಿ ಕೂಲಿಯವನ ಸೆಕೆಯನ್ನು ಹೊಗಳುವಂತಿಲ್ಲ. ತನ್ನ ಬೇಗೆಯನ್ನು ತಾಳಿಕೊಂಡರೆ ತಿತಿಕ್ಷೆ. ಇನ್ನೊಬ್ಬರ ಬೇಗೆಯನ್ನು ನೋಡಿಯೂ ತಾಳಿಕೊಂಡರೆ ಅದು ಕಲ್ಲೆದೆ. ಆಯುರ್ವೇದದ ಗ್ರೀಷ್ಮ ಋತುಚರ್ಯೆ ಬೇಸಿಗೆಯಲ್ಲಿ ಶ್ರಮ ತಗ್ಗಿಸಿ, ಬಿಸಿಲು ತಪ್ಪಿಸಿ, ತಂಪು ಪಾನೀಯ ಸೇವಿಸಬೇಕೆನ್ನುತ್ತದೆ. ಉಳ್ಳವರ ದೇಹಕ್ಕೆ ಹಿತವಾದದ್ದು ದುಡಿಯುವವರ ದೇಹಕ್ಕೆ ಬೇಡ ಎನ್ನಲು ಯಾವ ಶಾಸ್ತ್ರದ ಆಧಾರವೂ ಸಿಗದು.

ಬಂಡೆಯ ಮೇಲಿನ ಮಾತು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕನ ಕಿರು ಶಿಲಾಶಾಸನಗಳಿವೆ. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಇವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲ ಪಟ್ಟಣದ ಅಧಿಕಾರಿಗಳಿಗೆ ಬಂದ ಈ ಆಜ್ಞೆಯನ್ನು ಬರೆದವನು ಚಪಡ ಎಂಬ ಲಿಪಿಕಾರ. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಗಟ್ಟಿಯಾಗಿರಬೇಕು, ಸತ್ಯ ನುಡಿಯಬೇಕು ಎಂದು ಶಾಸನ ವಿಧಿಸುತ್ತದೆ. ಧಮ್ಮದ, ಎಂದರೆ ಧರ್ಮದ, ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಪ್ರಯತ್ನಿಸಿದರೆ ಸಣ್ಣವರಿಗೂ ಸಿಗುತ್ತದೆ ಎಂದೂ ಸಾರುತ್ತದೆ.

ದಯೆಯನ್ನು ದುಡಿಮೆಯ ಜಾಗಕ್ಕೆ ನೇರವಾಗಿ ತರುವ ಮಾತು ಅಶೋಕನ ಒಂಬತ್ತನೆಯ ಬೃಹತ್ ಶಿಲಾಶಾಸನದಲ್ಲಿದೆ. ಆಂಧ್ರದ ಕರ್ನೂಲು ಸೀಮೆಯ ಎರ್ರಗುಡಿಯ ಬಂಡೆಗಳೂ ಅದನ್ನು ಹೊತ್ತಿವೆ. ಮದುವೆ, ಹೆರಿಗೆ, ಪ್ರಯಾಣಗಳಲ್ಲಿ ಜನ ಮಾಡುವ ಮಂಗಳಾಚರಣೆಗಳ ಫಲ ಅಲ್ಪ. ಧಮ್ಮದ ಮಂಗಳಕ್ಕೆ ಮಾತ್ರ ದೊಡ್ಡ ಫಲ. ಆಳು, ಸೇವಕರೊಡನೆ ಸರಿಯಾಗಿ ನಡೆದುಕೊಳ್ಳುವುದು ಆ ಧಮ್ಮಮಂಗಳದ ಒಂದು ಅಂಗ. ಪಾಲಿ ಗ್ರಂಥವಾದ ಸಿಗಾಲೋವಾದ ಸುತ್ತ ಇದನ್ನು ಇನ್ನಷ್ಟು ಬಿಡಿಸಿ ಹೇಳುತ್ತದೆ: ಯಜಮಾನ ಆಳಿನ ಶಕ್ತಿಗೆ ತಕ್ಕ ಕೆಲಸ ಒಪ್ಪಿಸಬೇಕು, ಅನ್ನ ಮತ್ತು ಕೂಲಿ ಕೊಡಬೇಕು, ಕಾಯಿಲೆಯಲ್ಲಿ ಆರೈಕೆ ಮಾಡಬೇಕು, ಹೊತ್ತುಹೊತ್ತಿಗೆ ಬಿಡುವು ಕೊಡಬೇಕು. ಇಸ್ಲಾಮಿನ ಹದೀಸ್ ಪರಂಪರೆಯಲ್ಲಿ ದುಡಿದವನ ಬೆವರು ಆರುವ ಮೊದಲೇ ಕೂಲಿ ಕೊಡಬೇಕು, ತಾಳಲಾರದ ಭಾರ ಹೊರಿಸಬಾರದು, ಹೊರಿಸಿದರೆ ತಾನೂ ಕೈಹಚ್ಚಬೇಕು ಎಂಬ ಕಟ್ಟಳೆಗಳಿವೆ. ಈ ಎಲ್ಲ ಕಡೆಯೂ ಶಕ್ತಿಗೆ ತಕ್ಕ ಕೆಲಸ ಎಂಬುದು ಕೂಲಿಯ ಜೊತೆಯಲ್ಲೇ ಬರುವ ಬಾಧ್ಯತೆ. ಬೇಸಿಗೆಯಲ್ಲಿ ದೇಹದ ಶಕ್ತಿ ಕುಗ್ಗುವುದರಿಂದ ಆ ಅಳತೆಯೂ ಕುಗ್ಗಬೇಕಾಗುತ್ತದೆ.

ಕಾಯಕದಲ್ಲಿರುವ ಕಾಯ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ದುಡಿಮೆಯನ್ನೇ ಪೂಜೆಯ ಮಟ್ಟಕ್ಕೆ ಏರಿಸಿದರು. ಅವರಿಗಿಂತ ಮೊದಲಿನ ವಚನಕಾರನೆಂದು ಎಣಿಸಲಾದ ಜೇಡರ ದಾಸಿಮಯ್ಯ ಸ್ವತಃ ನೇಕಾರ. ಹಗ್ಗ ಹೊಸೆಯುವ ನುಲಿಯ ಚಂದಯ್ಯ ಕೆಲಸದ ನಡುವೆ ಲಿಂಗ ಜಾರಿ ಬಿದ್ದರೂ ಕಾಯಕ ನಿಲ್ಲಿಸಲಿಲ್ಲ ಎಂಬ ಕಥೆ ಪ್ರಸಿದ್ಧ. ಇಂಥ ಕಥೆಯನ್ನು ತಪ್ಪಾಗಿ ಹಿಡಿದರೆ ಅಪಾಯವಿದೆ. ಕಾಯಕ ನಿಲ್ಲಬಾರದು, ಆದ್ದರಿಂದ ಸೆಕೆಯ ಮಾತೆತ್ತಬಾರದು ಎಂದು ದುಡಿಸುವವರು ಅದನ್ನು ಬಳಸಿಕೊಳ್ಳಬಹುದು.

ಪದದೊಳಗೇ ಇದಕ್ಕೆ ಉತ್ತರವಿದೆ. ಕಾಯಕ ಕಾಯದಿಂದ ಬಂದದ್ದು. ಪೂಜೆಗೆ ಪಾತ್ರೆ ಎಷ್ಟು ಮುಖ್ಯವೋ ಕಾಯಕಕ್ಕೆ ಮೈ ಅಷ್ಟೇ ಮುಖ್ಯ. ದುಡಿಮೆ ಪೂಜೆಯಾದರೆ ದುಡಿಯುವ ದೇಹ ಆ ಪೂಜೆಯ ಸಾಧನ, ದುಡಿಮೆಯ ಮನೆ ಅದರ ಗುಡಿ. ಗುಡಿಯ ಸೂರು ಸೋರಿದರೆ ಸರಿಪಡಿಸುವುದನ್ನು ದೇವರಿಗೆ ಮಾಡಿದ ಉಪಕಾರವೆಂದು ಯಾರೂ ಎಣಿಸುವುದಿಲ್ಲ. ಮಗ್ಗದ ಮನೆಯ ಸೂರು ಸುಟ್ಟರೂ ಲೆಕ್ಕ ಅದೇ.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಇನ್ನೊಂದು ಗೆರೆ ಎಳೆಯುತ್ತದೆ. ಗಂಡ ಮಾರಯ್ಯ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಮೆಚ್ಚಲಿಲ್ಲ; ಹೆಚ್ಚಾದದ್ದನ್ನು ತಂದಲ್ಲಿಗೇ ಸುರಿದು ಬಾ ಎಂದಳು. ಬೇಕಾದಷ್ಟಕ್ಕಿಂತ ಹೆಚ್ಚು ತೆಗೆದುಕೊಳ್ಳುವುದು ಆಸೆ, ಕಾಯಕದಲ್ಲಿ ಆಸೆಗೆ ಜಾಗವಿಲ್ಲ ಎಂಬುದು ಅವಳ ನಿಲುವು. ಈ ಮಾತು ದುಡಿಮೆಯನ್ನು ಪಡೆಯುವವರಿಗೂ ಸಲ್ಲುತ್ತದೆ. ಏಪ್ರಿಲ್ ಮಧ್ಯಾಹ್ನದ ಎರಡು ಗಂಟೆಯಲ್ಲಿ ಕಾದ ಶೀಟಿನ ಕೆಳಗೆ ನೇಯಿಸಿಕೊಂಡ ಮೊಳ ಬಟ್ಟೆ ಆ ಹೆಚ್ಚಿನ ಅಕ್ಕಿಯಂಥದ್ದು.

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯನ್ನು ಜನ ನೆನೆಯುವುದು ಕೆರೆ ಕಟ್ಟಿಸಿದ ಕಾಯಕಯೋಗಿಯೆಂದು. ಮಾಡಿದ ಕೆಲಸಕ್ಕೆ ಸರಿಯಾಗಿ ಪ್ರತಿಫಲ ಸಲ್ಲಬೇಕು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಎಂಬುದು ಅವನ ಹೆಸರಿನೊಡನೆ ಉಳಿದ ತತ್ವ. ಫಾಲ್ಗುಣದ ಬಿಸಿಲಿನಲ್ಲಿ ಅವನ ಜಾತ್ರೆ ನಡೆಯುತ್ತದೆ. ಅಂಥ ಬಿಸಿಲಿನಲ್ಲಿ ದಾರಿಹೋಕರಿಗೆ ಅರವಟ್ಟಿಗೆಯಲ್ಲಿ ನೀರು, ಮಜ್ಜಿಗೆ ಕೊಡುವುದು ಈ ನಾಡಿನ ಹಳೆಯ ಪುಣ್ಯಕಾರ್ಯ. ಅರವಟ್ಟಿಗೆಯ ನೀರು ದಾನ, ಏಕೆಂದರೆ ಕುಡಿಯುವವರಿಂದ ಕೊಡುವವರು ಏನನ್ನೂ ಪಡೆದಿಲ್ಲ. ಮಗ್ಗದ ಪಕ್ಕದ ಮಡಕೆಯ ನೀರು ಹಾಗಲ್ಲ. ಅದನ್ನು ಕುಡಿಯುವವನ ಬೆವರು ಆಗಲೇ ಸೀರೆಯಾಗಿದೆ. ಮೊದಲನೆಯದರಿಂದ ಪುಣ್ಯ ಬರುತ್ತದೆ, ಎರಡನೆಯದರಿಂದ ಸಾಲ ತೀರುತ್ತದೆ.

ಇದೇ ಸೀಮೆಯ ಮ್ಯಾಸಬೇಡರು ದೇವರ ಎತ್ತುಗಳನ್ನು ಸಾಕುತ್ತಾರೆ. ಅವನ್ನು ನೇಗಿಲಿಗೆ ಹೂಡುವುದಿಲ್ಲ. ಕಿಲಾರಿಗಳು ಅವುಗಳ ಮೇವು, ನೀರು ನೋಡಿಕೊಳ್ಳುತ್ತಾರೆ. ಬರ ಬಂದಾಗ ತಮ್ಮ ಹೊಟ್ಟೆಗಿಂತ ಮೊದಲು ಅವುಗಳ ಮೇವನ್ನು ಚಿಂತಿಸುವ ಈ ನಿಷ್ಠೆ ದೊಡ್ಡದು. ಇಲ್ಲಿ ಪವಿತ್ರವಾದದ್ದನ್ನು ದುಡಿಮೆಯಿಂದ ಬಿಡಿಸಿ ಕಾಯುತ್ತಾರೆ. ಶರಣರು ಪವಿತ್ರತೆಯನ್ನು ದುಡಿಮೆಯ ಒಳಗೇ ಇಟ್ಟರು. ಎರಡನ್ನೂ ಬಲ್ಲ ನಾಡಿಗೆ ದುಡಿಯುವ ಮೈಯನ್ನೂ ಅದೇ ಕಾಳಜಿಯಿಂದ ನೋಡುವುದು ಹೊಸ ಪಾಠವೇನಲ್ಲ.

ಋಣ ತೀರಿಸುವ ಬಗೆ

ಈ ಬಾಧ್ಯತೆಯನ್ನು ಕಾನೂನು ಒಂದಷ್ಟು ದೂರ ಒಪ್ಪಿದೆ. ನ್ಯಾಯಯುತ ಹಾಗೂ ಮಾನವೀಯ ಕೆಲಸದ ಪರಿಸ್ಥಿತಿ ಒದಗಿಸಬೇಕೆಂದು ಸಂವಿಧಾನದ 42ನೆಯ ವಿಧಿ ರಾಜ್ಯಕ್ಕೆ ನಿರ್ದೇಶಿಸುತ್ತದೆ. 1948ರ ಕಾರ್ಖಾನೆ ಕಾಯಿದೆಯ 13ನೆಯ ಕಲಂ ಗಾಳಿಯಾಟ ಮತ್ತು ಉಷ್ಣತೆಯನ್ನು ಕುರಿತದ್ದಾಗಿತ್ತು. ಗೋಡೆ ಮತ್ತು ಸೂರು ಒಳಗಿನ ಬಿಸಿಯನ್ನು ಸಾಧ್ಯವಾದಷ್ಟು ತಗ್ಗಿಸುವಂತಿರಬೇಕು ಎನ್ನುತ್ತಿತ್ತು. 250ಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿ ಬೇಸಿಗೆಗೆ ತಣ್ಣನೆಯ ಕುಡಿಯುವ ನೀರನ್ನು 18ನೆಯ ಕಲಂ ಕಡ್ಡಾಯ ಮಾಡಿತು. ಆದರೆ ಆ ಕಾಯಿದೆಯ ಕಾರ್ಖಾನೆಗೆ ವಿದ್ಯುತ್ ಬಳಸಿದರೆ 10, ಇಲ್ಲದಿದ್ದರೆ 20 ಜನ ಬೇಕಿತ್ತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಸಂಖ್ಯೆಗಳನ್ನು 20 ಮತ್ತು 40ಕ್ಕೆ ಏರಿಸಿತು. ಎರಡು ಮಗ್ಗದ ಮನೆ, ನಾಲ್ಕಾರು ಜನರ ಎಣ್ಣೆ ಗಾಣ ಈ ಲೆಕ್ಕದಿಂದ ಹೊರಗೇ ಉಳಿಯುತ್ತವೆ. ಎಣಿಕೆ ಕಡಿಮೆಯಾದರೆ ಕಾನೂನು ಹಿಂದೆ ಸರಿಯಬಹುದು, ಧರ್ಮ ಸರಿಯುವಂತಿಲ್ಲ. ಸೆಕೆ ತಲೆ ಎಣಿಸಿ ತಟ್ಟುವುದಿಲ್ಲ. ಬೇಗೆಯಿಂದ ಆಗುವ ನಷ್ಟ ಲೋಕಕ್ಕೆಲ್ಲ ಸೇರಿದ್ದು. 2030ರ ಹೊತ್ತಿಗೆ ಜಗತ್ತಿನ ದುಡಿಮೆಯ ಗಂಟೆಗಳಲ್ಲಿ ಶೇಕಡಾ 2.2ರಷ್ಟು ಸೆಕೆಗೆ ನಷ್ಟವಾದೀತೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ಅಂದಾಜಿಸಿತು.

ಎಳೆ ಮತ್ತು ಮೈಯ ಜಗಳಕ್ಕೆ ಈ ಒಣ ಸೀಮೆಯಲ್ಲೇ ಪರಿಹಾರವಿದೆ. ಸೂರಿಗೆ ಬಿಳಿ ಸುಣ್ಣ ಬಳಿದರೆ ಬಿಸಿಲಿನ ದೊಡ್ಡ ಪಾಲು ತಿರುಗಿ ಹೋಗುತ್ತದೆ. ಶೀಟಿನ ಮೇಲೆ ಸೋಗೆ ಹೊದಿಸಿದರೆ, ಕೆಳಗೆ ಅಂತರ ಬಿಟ್ಟು ಬಿದಿರಿನ ತಟ್ಟಿ ಕಟ್ಟಿದರೆ ಝಳ ನೇರವಾಗಿ ಇಳಿಯುವುದಿಲ್ಲ. ಗೋಡೆಯ ಮೇಲ್ಭಾಗದ ಕಿಂಡಿ ಬಿಸಿಗಾಳಿಗೆ ಬಾಗಿಲಾಗುತ್ತದೆ. ಕಿಟಕಿಗೆ ಒದ್ದೆ ಗೋಣಿ ಇಳಿಬಿಟ್ಟರೆ ಅದರ ಮೂಲಕ ಬರುವ ಗಾಳಿ ತಂಪಾಗಿಯೂ ತೇವವಾಗಿಯೂ ಇರುತ್ತದೆ. ನೇಕಾರನಿಗೆ ತಂಪು, ಹಾಸಿನ ಎಳೆಗೆ ತೇವ, ಎರಡೂ ಒಂದೇ ಗೋಣಿಯಿಂದ. ಗಾಳಿ ಹೊರಹೋಗಲು ದಾರಿ ಇರಲೇಬೇಕು, ಇಲ್ಲವಾದರೆ ತೇವ ಕಟ್ಟಿಕೊಂಡು ಬೆವರು ಆರುವುದಿಲ್ಲ. ಎಲ್ಲಕ್ಕಿಂತ ಕಡಿಮೆ ಖರ್ಚಿನ ಪರಿಹಾರ ಹೊತ್ತನ್ನು ಬದಲಿಸುವುದು: ನಸುಕಿನಲ್ಲಿ ಮಗ್ಗಕ್ಕೆ ಕೂತು, ನಡುಹಗಲು ಎದ್ದು, ಬಿಸಿಲಿಳಿದ ಮೇಲೆ ಮತ್ತೆ ಕೂರುವುದು.

ಕೊನೆಯ ತೊಡಕು ಒಂದಿದೆ. ಮಗ್ಗದ ಮನೆ ಹಲವು ಸಲ ನೇಕಾರನ ಸ್ವಂತ ಮನೆಯೇ. ನೂಲು ಕೊಡುವವರು ಬೇರೆ, ಸೀರೆ ಮಾರುವವರು ಬೇರೆ, ಉಡುವವರು ಇನ್ನೂ ದೂರ. ಸೂರು ನೇಕಾರನದು ಎಂದ ಮಾತ್ರಕ್ಕೆ ಸೆಕೆಯೂ ಅವನದೇ ಎಂದು ಬಿಡಲಾಗದು. ಆ ಸೂರಿನ ಕೆಳಗಿನ ದುಡಿಮೆಯಿಂದ ಯಾರು ಯಾರಿಗೆ ಲಾಭವಿದೆಯೋ ಅವರೆಲ್ಲರಿಗೂ ಋಣದ ಪಾಲಿದೆ. ನೂಲು ಕೊಟ್ಟು ನೇಯಿಸುವವರು ಬೇಸಿಗೆಯ ಗಡುವನ್ನು ಸಡಿಲಿಸಬೇಕು, ಕೆಲಸ ತಗ್ಗಿದ ತಿಂಗಳಲ್ಲೂ ಹೊಟ್ಟೆ ತುಂಬುವಂತೆ ಮಜೂರಿ ಗೊತ್ತುಮಾಡಬೇಕು. ಸಹಕಾರ ಸಂಘ ಮತ್ತು ಸರ್ಕಾರ ಸೂರಿನ ಖರ್ಚಿಗೆ ಹೆಗಲು ಕೊಡಬೇಕು. ಕೊಳ್ಳುವವರು ನಡುಹಗಲ ಆ ವಿರಾಮವೂ ಸೇರಿದ ಬೆಲೆಯನ್ನು ಸೀರೆಗೆ ಕೊಡಬೇಕು.